ಚಾವಡಿಯ ಚಿತ್ರದಲ್ಲಿ ನನ್ನ ಬೆನ್ನು

ನಮ್ಮ ಮನೆಯವರೆಲ್ಲ ಒಟ್ಟಿಗಿರುವ ಚಿತ್ರ ಒಂದೇ ಒಂದು ಇದೆ. ಫೋಟೋ ಅಲ್ಲ, ದಪ್ಪ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. ಅದರಲ್ಲಿ ಅಜ್ಜಿ ನಡುವೆ ಕೂತಿದ್ದಾಳೆ, ಅವಳ ಒಂದು ಪಕ್ಕದಲ್ಲಿ ಅಪ್ಪ, ಇನ್ನೊಂದು ಪಕ್ಕದಲ್ಲಿ ಅವ್ವ, ಹಿಂದೆ ಚಿಕ್ಕಪ್ಪ, ಮುಂದೆ ರಬ್ಬರ್ ಚೆಂಡು ಹಿಡಿದುಕೊಂಡ ಅಣ್ಣ. ಎಲ್ಲರೂ ನೋಡುವವರ ಕಡೆ ನೆಟ್ಟಗೆ ನೋಡುತ್ತಿದ್ದಾರೆ. ನಾನೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದೇನೆ. ಎರಡು ಜಡೆ, ಕೆಂಪು ರಿಬ್ಬನ್, ಹಸಿರು ಲಂಗದ ಹಿಂಭಾಗ, ಅಷ್ಟೇ ನಾನು. ಈಗ ಆ ಚಿತ್ರ ಸುಳ್ಯದಲ್ಲಿ ಅಣ್ಣ ಕಟ್ಟಿಸಿದ ಹೊಸ ಮನೆಯಲ್ಲಿ, ಟೀವಿಯ ಮೇಲುಗಡೆ ನೇತಾಡುತ್ತಿದೆ. ಬಂದವರು ಟೀವಿ ನೋಡುತ್ತ ನೋಡುತ್ತ ಕಣ್ಣು ಮೇಲೆ ಹಾಯಿಸಿ, ಇದು ಯಾರು ಮುನಿಸಿಕೊಂಡ ಹುಡುಗಿ ಎಂದು ಕೇಳುತ್ತಾರೆ. ನಮ್ಮ ಅತ್ತೆ, ಆಗಲೇ ಹಾಗೆ, ಎಂದು ಅಣ್ಣನ ಸೊಸೆ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಚಿಕ್ಕಂದಿನಲ್ಲಿ ಮನೆಯಲ್ಲಿ ನನಗೆ ಮುನಿಸಮ್ಮ ಎಂದೇ ಹೆಸರು. ನಾನು ಮುನಿಸಿಕೊಂಡದ್ದಕ್ಕೆ ಆ ಹೆಸರು ಬಂದದ್ದಲ್ಲ, ಚಿತ್ರ ನೋಡಿದವರು ಇಟ್ಟದ್ದು. ಕರೆದು ಕರೆದು ನಾನು ಹಾಗೇ ಆದೆನೋ ಏನೋ, ಈ ಅರುವತ್ತು ದಾಟಿದ ಪ್ರಾಯದಲ್ಲಿ ಅದನ್ನು ಬೇರೆ ಮಾಡಿ ನೋಡುವುದು ಕಷ್ಟ.

ನಮ್ಮ ಹಳೆಯ ಮನೆ ಸುಳ್ಯದಿಂದ ಒಳಗೆ, ಗುಡ್ಡದ ಬದಿಯಲ್ಲಿತ್ತು. ಮನೆಯ ಮಾತು ಅರೆಭಾಷೆ. ಇಲ್ಲಿ ಓದುವವರಿಗೆ ತೊಡಕಾಗದಿರಲಿ ಎಂದು ಆ ಮಾತುಗಳನ್ನು ಊರ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಎದುರಿಗೆ ಚಾವಡಿ, ಅದರ ಹಿಂದೆ ಕಿಟಕಿ ಇಲ್ಲದ ನಡುಕೋಣೆ, ಅದರ ಹಿಂದೆ ಅಡುಗೆಮನೆ. ಅಪ್ಪ ಗುಡ್ಡೆಗೆ ರಬ್ಬರ್ ಹಾಕಿದ್ದ. ಮರದ ಹಾಲು ಹೆಪ್ಪುಗಟ್ಟಿಸಿ ಒತ್ತಿದ ಶೀಟುಗಳನ್ನು ಒಲೆಯ ಮೇಲಿನ ಬಿದಿರಿನ ಗಳಕ್ಕೆ ನೇತುಹಾಕಿ ಹೊಗೆಗೆ ಒಣಗಿಸುತ್ತಿದ್ದರು. ಹಾಗಾಗಿ ನಮ್ಮ ಗಂಜಿಗೆ, ಚಟ್ನಿಗೆ, ಒಣಮೀನಿಗೆ, ತಲೆಕೂದಲಿಗೆ ಕೂಡ ರಬ್ಬರಿನ ವಾಸನೆ. ಶಾಲೆಯಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿಯ ಆಳ್ವಿಕೆ. ಉಪ್ಪಿನ ಭರಣಿ, ಬೆಲ್ಲದ ಡಬ್ಬಿ ಎಲ್ಲ ಅವಳ ಕೈಯಲ್ಲಿ. ಅವ್ವ ರುಬ್ಬುವುದು, ಬೇಯಿಸುವುದು, ಬಡಿಸುವುದು ಮಾಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಜ್ಜಿ ಬೆಳಗ್ಗೆ ಶುರುಮಾಡಿದ ಜಗಳವನ್ನು ಸಂಜೆಯ ತನಕ ಒಬ್ಬಳೇ ಆಡಬೇಕಾಗುತ್ತಿತ್ತು. ಎದುರಾಳಿ ಬಾಯಿ ಬಿಡದಿದ್ದರೆ ಜಗಳ ಮಾಡುವವರಿಗೂ ಸುಸ್ತು. ಒಮ್ಮೊಮ್ಮೆ ಅಜ್ಜಿಯೇ ಸೋತು, ಇವಳಿಗೆ ಹೇಳುವುದೂ ಒಂದೇ ಆ ಕಂಬಕ್ಕೆ ಹೇಳುವುದೂ ಒಂದೇ ಎಂದು ಎದ್ದು ಹೋಗುತ್ತಿದ್ದಳು.

ಅವ್ವ ಹೀಗಾದದ್ದು ಚಂದ್ರಾವತಿ ಸತ್ತ ಮೇಲೆ ಎಂದು ಎಲ್ಲರೂ ಹೇಳುತ್ತಿದ್ದರು. ಚಂದ್ರಾವತಿ ನನ್ನ ಅಕ್ಕ, ಅವ್ವನ ಮೊದಲ ಮಗು. ಮಾತು ಕಲಿತು ಮನೆಯ ತುಂಬ ಓಡಾಡುವ ಹೊತ್ತಿಗೆ ಜ್ವರ ಬಂದು ಹೋದಳಂತೆ. ಆಮೇಲೆ ಅಣ್ಣ ಹುಟ್ಟಿದ, ಎಷ್ಟೋ ವರ್ಷ ಕಳೆದು ನಾನು. ಅವ್ವ ನಮಗೆ ಏನೂ ಕಡಿಮೆ ಮಾಡಿದವಳಲ್ಲ. ಸ್ನಾನ ಮಾಡಿಸಿದಳು, ಉಣಿಸಿದಳು, ಹೇನು ಹೆಕ್ಕಿದಳು. ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಇದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಬಡಿಸುವಾಗ ಅವಳ ಕಣ್ಣು ಬಟ್ಟಲಿನ ಮೇಲೆ, ಬಟ್ಟೆ ಹಾಕುವಾಗ ಗುಂಡಿಯ ಮೇಲೆ. ದಿನಾ ಬೆಳಗ್ಗೆ ಜಗಲಿಯಲ್ಲಿ ನನ್ನನ್ನು ಮುಂದೆ ಕೂರಿಸಿ ಜಡೆ ಹಾಕುತ್ತಿದ್ದಳು, ಆಗ ಅವಳ ಎದುರಿಗಿದ್ದದ್ದು ನನ್ನ ಬೆನ್ನು. ಬಿದ್ದು ಹುಬ್ಬಿನ ಮೇಲೆ ಗಾಯ ಮಾಡಿಕೊಂಡು ಬಂದರೆ ಅರಸಿನ ಹಚ್ಚುವಾಗ ಗಾಯವನ್ನಷ್ಟೇ ನೋಡಿದಳು. ನಾನು ಇದಕ್ಕೆ ಅಳುತ್ತಿರಲಿಲ್ಲ. ಬೇರೆ ಅವ್ವಂದಿರು ಹೇಗೆ ಎಂದು ನನಗೆ ಗೊತ್ತಿದ್ದರೆ ತಾನೆ? ನನಗೊಂದು ಆಸೆ ಮಾತ್ರ ಇತ್ತು, ಅವ್ವ ಒಮ್ಮೆ ಕೆಲಸವಿಲ್ಲದೆ ನನ್ನ ಮುಖ ನೋಡಬೇಕು ಎಂದು. ಅದು ಆಸೆ ಎಂದು ಕೂಡ ಆಗ ಗೊತ್ತಿರಲಿಲ್ಲ.

ಆ ವರ್ಷ ಚಿಕ್ಕಪ್ಪನಿಗೆ ಹೆಣ್ಣು ನೋಡುತ್ತಿದ್ದರು. ಬಂದ ಸಂಬಂಧ ಒಂದೂ ನಿಲ್ಲುತ್ತಿರಲಿಲ್ಲ. ಒಂದು ಕಡೆ ಹುಡುಗಿಯ ಅಜ್ಜ ತೀರಿಕೊಂಡ, ಇನ್ನೊಂದು ಕಡೆ ಎಲ್ಲ ಮಾತಾಗಿ ವೀಳ್ಯ ಬದಲಾಯಿಸುವ ಹೊತ್ತಿಗೆ ಅವರು ಹಿಂದೆ ಸರಿದರು. ಅಜ್ಜಿ ಜೋಯಿಸರನ್ನು ಕರೆಸಿದಳು. ಅವರು ಚಾವಡಿಯಲ್ಲಿ ಮಣೆಯ ಮೇಲೆ ಕವಡೆ ಹರಡಿ, ಈ ಮನೆಯಲ್ಲಿ ಸತ್ತುಹೋದ ಒಂದು ಹೆಣ್ಣುಮಗು ಈಗ ಪ್ರಾಯಕ್ಕೆ ಬಂದಿದೆ, ತನ್ನನ್ನು ಯಾರೂ ಮನೆಯವಳೆಂದು ಎಣಿಸುತ್ತಿಲ್ಲ ಎಂದು ಅಡ್ಡ ನಿಂತಿದೆ ಎಂದರು. ನಮ್ಮ ಕಡೆಯಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ. ಅವರಿಗೂ ವರ್ಷ ತುಂಬುತ್ತದೆ, ಪ್ರಾಯ ಬರುತ್ತದೆ, ಸಿಟ್ಟು ಬರುತ್ತದೆ. ಇದರಲ್ಲಿ ಯಾರಿಗೂ ಆಶ್ಚರ್ಯ ಇರಲಿಲ್ಲ. ಆಶ್ಚರ್ಯವಾದದ್ದು ಜೋಯಿಸರು ಹೋದ ಮೇಲೆ. ನಡುಕೋಣೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಬಾಯಿ ಬಿಟ್ಟಳು. ಪುತ್ತೂರಿನ ಸ್ಟುಡಿಯೋದಲ್ಲಿ ಎಲ್ಲರೂ ನಿಂತು ಒಂದು ಫೋಟೋ ತೆಗೆಸಬೇಕೆಂದು ಅಪ್ಪ ಆಗಾಗ ಹೇಳುತ್ತಿದ್ದುದುಂಟು. ಅವ್ವ ಆ ಮಾತನ್ನೇ ಹಿಡಿದು ಹೇಳಿದಳು.

"ಫೋಟೋದಲ್ಲಿ ಅವಳು ಹೇಗೆ ಬರುದು? ಬರೆಯುವವರಾದ್ರೆ ಅವಳನ್ನೂ ಬರೀಬಹುದು. ನಂಗೆ ಅಷ್ಟು ಮಾಡಿಸಿ ಕೊಡಿ."

ಅವ್ವ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪನಿಗೂ ಹಾಗೇ ಇರಬೇಕು, ಅವನು ಆಯ್ತು ಎಂದುಬಿಟ್ಟ. ಆ ದಿನಗಳಲ್ಲಿ ಊರಿನ ಭಜನಾ ಮಂದಿರದ ಗೋಡೆಗೆ ದೇವರ ಚಿತ್ರ ಬರೆಯಲು ಕಾಸರಗೋಡು ಕಡೆಯ ಪೈಂಟರ್ ಕುಂಞಿರಾಮ ಬಂದಿದ್ದ. ಬಸ್ಸಿನ ಹೆಸರು, ಅಂಗಡಿಯ ಬೋರ್ಡು, ನಾಟಕದ ಪರದೆ ಎಲ್ಲ ಬರೆಯುವವನು. ಬೀಡಿ ಸೇದುತ್ತ, ಊರಿಂದೂರಿಗೆ ಬಣ್ಣದ ಡಬ್ಬಿ ಹೊತ್ತುಕೊಂಡು ತಿರುಗುತ್ತಿದ್ದ. ಅವನ ಕೆಲಸದ ಕ್ರಮ ಹೇಗೆಂದರೆ ಮೊದಲು ಮೈ, ಆಮೇಲೆ ಮುಖ. ಮಂದಿರದಲ್ಲೇ ಕೂತು ನಮ್ಮೆಲ್ಲರ ಮೈಗಳನ್ನು ಬರೆದು ಮುಗಿಸಿ, ಬಟ್ಟೆಯನ್ನು ಚಾಪೆಯ ಹಾಗೆ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಒಂದು ಬೆಳಗ್ಗೆ ಬಂದ. ಚಾವಡಿಯಲ್ಲಿ ಬಿಡಿಸಿದಾಗ ಎಲ್ಲರೂ ಸುತ್ತ ಬಂದು ನಿಂತೆವು. ಕುತ್ತಿಗೆಯ ತನಕ ನಾವು ತಯಾರಾಗಿದ್ದೆವು. ಮುಖ ಇರಬೇಕಾದಲ್ಲಿ ಬಟ್ಟೆಯ ಬಿಳಿ ಬಣ್ಣ. ಅಪ್ಪನಿಗೆ ಮಂದಿರದ ಭೀಮನ ಭುಜ ಬಂದಿತ್ತು. ಅಜ್ಜಿ ಕೂತದ್ದು ಹುಲಿಯ ಪಾದದ ಕುರ್ಚಿಯಲ್ಲಿ, ಹಿಂದೆ ಜರಿಯಂಚಿನ ಪರದೆ, ಕೆಳಗೆ ಕಪ್ಪು ಬಿಳಿ ಚೌಕದ ನೆಲ. ನಮ್ಮದು ಸೆಗಣಿ ಸಾರಿಸಿದ ನೆಲ.

"ಮನೆ ಯಾರದ್ದು ಮಾರಾಯ ಇದು?" ಎಂದಳು ಅಜ್ಜಿ.

ಎಲ್ಲರ ಮನೆಗೂ ಇದೇ ಬರೆಯುವುದು ಎಂದು ಕುಂಞಿರಾಮ ಏನೂ ಸಂಕೋಚವಿಲ್ಲದೆ ಹೇಳಿದ. ಅಜ್ಜಿಗೆ ಕುರ್ಚಿ ಇಷ್ಟವಾಗಿತ್ತು, ಆದ್ದರಿಂದ ಮುಂದೆ ಮಾತು ಬೆಳೆಯಲಿಲ್ಲ. ಚಿಕ್ಕಪ್ಪ ಒಂದು ವಾಚು ಕೇಳಿ ಬರೆಸಿಕೊಂಡ. ಅಣ್ಣನಿಗೆ ಚೆಂಡು ಸಿಕ್ಕಿತು. ಚಂದ್ರಾವತಿಯನ್ನು ಎಲ್ಲಿ ನಿಲ್ಲಿಸುವುದು ಎಂಬುದಕ್ಕೆ ಅಜ್ಜಿಯೇ ತೀರ್ಪು ಕೊಟ್ಟಾಗಿತ್ತು. ಸತ್ತವರನ್ನು ಬದುಕಿದವರ ನಡುವೆ ನಿಲ್ಲಿಸಬಾರದು, ಕೊನೆಗೆ ಇರಲಿ ಎಂದು. ಹಾಗಾಗಿ ಅವ್ವನ ಪಕ್ಕದಲ್ಲಿ, ಬಟ್ಟೆಯ ಅಂಚಿಗೆ ತಾಗಿ, ಕೆಂಪು ಸೀರೆ ಉಟ್ಟ ಒಂದು ಎಳೆಯ ಮೈ ನಿಂತಿತ್ತು. ಅವಳ ಕೈ ತನ್ನ ಭುಜದ ಮೇಲಿರಲಿ ಎಂದು ಅವ್ವ ಹೇಳಿದಳು. ಕುಂಞಿರಾಮ ಅಲ್ಲೇ ಕೂತು ಇಳಿಬಿಟ್ಟ ಕೈಯನ್ನು ಅಳಿಸಿ, ನಾಲ್ಕು ಬೆರಳು ಅವ್ವನ ಭುಜದ ಮೇಲೆ ಬರುವ ಹಾಗೆ ತಿದ್ದಿದ.

ಮುಖಗಳನ್ನು ಅವನು ಒಬ್ಬೊಬ್ಬರನ್ನಾಗಿ ಕೂರಿಸಿ ಬರೆದ. ಚಂದ್ರಾವತಿಯದ್ದು ಬಂದಾಗ ಕೆಲಸ ನಿಂತಿತು. ಅವಳ ಫೋಟೋ ಒಂದೂ ಇರಲಿಲ್ಲ. ಹೇಗಿದ್ದಳು ಹೇಳಿ ಎಂದು ಅವನು ಅವ್ವನನ್ನು ಕೇಳಿದ. ಅವ್ವ ನೆಲ ನೋಡುತ್ತ ನಿಂತಳು. ಅವನೇ ಅಂದಾಜಿನ ಮೇಲೆ ಒಂದು ಮುಖ ಬರೆದ, ಲಕ್ಷ್ಮಿಯ ಹಾಗೆ ದೊಡ್ಡ ಕಣ್ಣು. ಅವ್ವ ಅಲ್ಲ ಎಂದು ತಲೆಯಾಡಿಸಿದಳು. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರಸಿ ಇನ್ನೊಂದು ಬರೆದ. ಅದೂ ಅಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಕಡೆ ಅವನು ಆಗ ತಿರುಗಿದ.

"ಒಂದೇ ಹೊಟ್ಟೆಯ ಮಕ್ಕಳಲ್ವಾ, ಇದನ್ನೇ ಸ್ವಲ್ಪ ದೊಡ್ಡದು ಮಾಡಿದ್ರೆ ಆಯ್ತು. ಕೂರಿಸಿ ಮಾರಾಯ್ರೆ."

ಅವ್ವ ನನ್ನ ಕೈ ಹಿಡಿದು ನಡುಕೋಣೆಗೆ ಕರೆದುಕೊಂಡು ಹೋಗಿ ತನ್ನ ಮದುವೆಯ ಕೆಂಪು ಸೀರೆಯನ್ನು ನನಗೆ ಉಡಿಸಿದಳು. ಅದು ನನ್ನ ಸುತ್ತ ಎಷ್ಟು ಸುತ್ತಿದರೂ ಮುಗಿಯಲಿಲ್ಲ. ಕೂದಲನ್ನು ದೊಡ್ಡವರ ಹಾಗೆ ತುರುಬು ಕಟ್ಟಿ, ತನ್ನ ಕಿವಿಯ ಬೆಂಡೋಲೆ ಬಿಚ್ಚಿ ನನಗೆ ಹಾಕಿದಳು. ಆಮೇಲೆ ಚಾವಡಿಯಲ್ಲಿ ಸ್ಟೂಲಿನ ಮೇಲೆ ನಾನು, ಎದುರಿಗೆ ಕುಂಞಿರಾಮ, ಅವನ ಪಕ್ಕದಲ್ಲಿ ನೆಲದ ಮೇಲೆ ಅವ್ವ. ಕೆಲವು ದಿನ ಹೀಗೆ ನಡೆಯಿತು. ಶಾಲೆಗೆ ಹೋಗುವುದು ಬೇಡವೆಂದರು. ಅವ್ವ ನನ್ನನ್ನು ನೋಡುತ್ತ ಕೂತಳು. ನನ್ನ ಹಣೆ, ಮೂಗು, ತುಟಿ, ಗಲ್ಲ ಒಂದೊಂದನ್ನೂ ನೋಡಿದಳು. ನೋಡಿ ಅವನಿಗೆ ಹೇಳಿದಳು, ಕೆಳತುಟಿ ಇಷ್ಟು ದಪ್ಪ ಇಲ್ಲ, ಹುಬ್ಬು ಇಲ್ಲಿ ಸ್ವಲ್ಪ ಕೂಡಿದೆ, ಕಿವಿಯ ತುದಿ ಚೂಪು ಎಂದು. ನನ್ನ ಹುಬ್ಬಿನ ಮೇಲಿನ ಗಾಯದ ಕಲೆಯನ್ನೂ ಅವನು ಬರೆದುಬಿಟ್ಟ. ಈ ಕಲೆ ಚಂದ್ರಾವತಿಗೆ ಇರಲಿಲ್ಲವಲ್ಲ, ಅಳಿಸು ಎಂದಳು ಅಜ್ಜಿ. ಇರಲಿ ಎಂದಳು ಅವ್ವ. ನನ್ನ ಕಾಲು ಜೋಮು ಹಿಡಿಯುತ್ತಿತ್ತು, ಸೀರೆಯೊಳಗೆ ಬೆವರು ಇಳಿಯುತ್ತಿತ್ತು, ನಾನು ಅಲ್ಲಾಡಲಿಲ್ಲ. ಅಲ್ಲಾಡಿದರೆ ಮುಗಿದುಹೋಗುತ್ತದೆ ಎಂದು ಹೆದರಿಕೆ. ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ. ಇದನ್ನು ಬರೆಯುವಾಗಲೂ ಆ ಮಾತಿನಲ್ಲಿ ನನಗೆ ಸಂಶಯವಿಲ್ಲ. ಯಾರೂ ಯಾವತ್ತೂ, ಮದುವೆಯಾದ ಗಂಡ ಕೂಡ, ನನ್ನನ್ನು ಅಷ್ಟು ನೋಡಿಲ್ಲ.

ಕೊನೆಗೆ ಉಳಿದದ್ದು ನನ್ನ ಮುಖ. ಅಣ್ಣನ ಪಕ್ಕದಲ್ಲಿ ಹಸಿರು ಲಂಗದ ಒಂದು ಮೈ ಕುತ್ತಿಗೆಯ ತನಕ ಕಾಯುತ್ತಿತ್ತು. ಕುಂಞಿರಾಮ ಕುಂಚ ಎತ್ತಿಕೊಂಡಾಗ ಅಜ್ಜಿ ತಡೆದಳು. ಒಂದೇ ಮುಖವನ್ನು ಒಂದೇ ಚಿತ್ರದಲ್ಲಿ ಎರಡು ಸಲ ಬರೆಯುವುದು ಸರಿಯಲ್ಲ, ಅದರಲ್ಲೂ ಒಬ್ಬಳು ಸತ್ತವಳು, ಒಬ್ಬಳು ಬದುಕಿದವಳು. ಸತ್ತದ್ದು ಬದುಕಿದ್ದನ್ನು ಕರೆದುಕೊಂಡೀತು ಎಂದಳು. ಅಪ್ಪ ನಗಾಡಲು ನೋಡಿ ನಗಲಿಲ್ಲ. ಹಾಗಾದರೆ ಈ ಮಗುವನ್ನು ಅಳಿಸುವುದೋ ಎಂದು ಕುಂಞಿರಾಮ ಕೇಳಿದ. ಅಳಿಸುವುದು ಇನ್ನೂ ಅಪಶಕುನ. ಅವನು ತಲೆ ಕೆರೆದುಕೊಂಡು, ಬೀಡಿ ಒಂದು ಮುಗಿಸಿ, ಹಾಗಾದರೆ ತಿರುಗಿಸಿ ನಿಲ್ಲಿಸುತ್ತೇನೆ ಎಂದ. ಊಟದ ಹೊತ್ತಿಗೆ ಮೈಯನ್ನು ಬೆನ್ನಾಗಿ ತಿದ್ದಿ, ಎರಡು ಜಡೆ, ರಿಬ್ಬನ್ ಬರೆದು ಮುಗಿಸಿದ. ಜಡೆ ಒಳ್ಳೆದಾಗಿದೆ ಎಂದು ಎಲ್ಲರೂ ಹೇಳಿದರು. ನಾನು ಅವ್ವನ ಮುಖ ನೋಡಿದೆ. ಅವಳು ಬಟ್ಟೆಯ ಅಂಚಿನಲ್ಲಿ ನಿಂತ ಕೆಂಪು ಸೀರೆಯವಳನ್ನು ನೋಡುತ್ತಿದ್ದಳು. ಆಗ ಬಹಳ ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಯಾರೋ ಮುಟ್ಟಿದಂತಿತ್ತು. ಸೀರೆ ಬಿಚ್ಚಿಕೊಟ್ಟು, ಓಲೆ ಬಿಚ್ಚಿಕೊಟ್ಟು ಊಟಕ್ಕೆ ಕೂತೆ. ಅವತ್ತು ಹಲಸಿನಕಾಯಿ ಪಲ್ಯ.

ಚಿತ್ರವನ್ನು ಮರದ ಚೌಕಟ್ಟಿಗೆ ಹೊಡೆದು ಚಾವಡಿಯ ಗೋಡೆಗೆ ತೂಗುಹಾಕಿದರು. ಅವ್ವ ದಿನಾ ಬೆಳಗ್ಗೆ ಚಂದ್ರಾವತಿಯ ಮೂಲೆಗೆ ಒಂದು ಹೂ ಸಿಕ್ಕಿಸುತ್ತಿದ್ದಳು. ಕಸ ಗುಡಿಸುತ್ತ ಅವಳ ಹತ್ತಿರ ನಿಂತು ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಏನು ಹೇಳುತ್ತಾಳೆ ಎಂದು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೇನೆ. ದನ ಹಾಲು ಕಡಿಮೆ ಮಾಡಿತು, ಅತ್ತೆಗೆ ಮೊಣಕಾಲು ನೋವು, ಇಂಥ ಮಾತುಗಳೇ. ನಮ್ಮ ಹತ್ತಿರ ಹೇಳಬಹುದಾಗಿದ್ದ ಮಾತುಗಳು. ನಾವು ಊಟಕ್ಕೆ ಕೂರುವುದು ಆ ಗೋಡೆಯ ಬುಡದಲ್ಲಿ. ನನ್ನ ತಲೆಯ ಮೇಲೆ ಹೂ ಮುಡಿದ ನನ್ನ ಮುಖ. ಒಮ್ಮೆ ಶಾಲೆಯ ಗೆಳತಿ ಬಂದು ನೋಡಿ, ಇದು ನೀನೇ ಅಲ್ಲವಾ, ಸತ್ತವರಿಗೆ ಹಾಕಿದ ಹಾಗೆ ಹೂ ಹಾಕಿದ್ದಾರಲ್ಲ ಎಂದಳು. ನನ್ನ ಅಕ್ಕ ಎಂದೆ. ಅವಳು ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಯಾರೂ ಇಲ್ಲದಾಗ ಕನ್ನಡಿ ತಂದು ಚಿತ್ರದ ಕೆಳಗೆ ಹಿಡಿದು, ಎರಡನ್ನೂ ನೋಡಿ, ಕಲೆ ಮುಟ್ಟಿಕೊಂಡು ಮತ್ತೆ ಕನ್ನಡಿ ಒಳಗಿಡುತ್ತಿದ್ದೆ.

ಮನೆಯವಳೆಂದು ಎಣಿಸಿದ ಮೇಲೂ ಚಂದ್ರಾವತಿಗೆ ಸಮಾಧಾನವಾಗಲಿಲ್ಲ. ಚಿಕ್ಕಪ್ಪನ ಇನ್ನೊಂದು ಸಂಬಂಧ ತಪ್ಪಿತು. ಜೋಯಿಸರು ಮತ್ತೆ ಬಂದು, ಹುಡುಗಿಗೆ ಮದುವೆ ಬೇಕಾಗಿದೆ ಎಂದರು. ಪ್ರೇತಮದುವೆ ನಮ್ಮಲ್ಲಿ ಹೊಸದಲ್ಲ. ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕುತ್ತಾರೆ, ಕುಲ, ವಂಶದ ಬಳಿ ನೋಡುತ್ತಾರೆ, ಹೆಣ್ಣು ಕೇಳಲು ಬರುತ್ತಾರೆ, ಸೀರೆ ಪಂಚೆ ಕೊಟ್ಟು ಶಾಸ್ತ್ರ ಮುಗಿಸಿ ಕೋಳಿ ಸಾರಿನ ಊಟ ಹಾಕುತ್ತಾರೆ. ಬದುಕಿದವರ ಮದುವೆ ಮಾಡದ, ಜೋರು ಮಳೆಯ ಆಟಿ ತಿಂಗಳು ಇವರಿಗೆ ಶುಭ. ಪೆರಾಬೆ ಕಡೆಯ ಒಂದು ಮನೆಯಲ್ಲಿ, ಸಣ್ಣವನಿದ್ದಾಗ ತೀರಿಕೊಂಡ ಬಾಲಕೃಷ್ಣ ಎಂಬ ಹುಡುಗ ಸಿಕ್ಕಿದ. ಒಳ್ಳೆಯ ಮನೆ ಎಂದು ಅಜ್ಜಿಗೆ ಬಹಳ ಸಂತೋಷ. ಮದುವೆಯಾಗದವರು, ಮಕ್ಕಳು ಆ ಶಾಸ್ತ್ರವನ್ನು ನೋಡಬಾರದು. ಹಾಗಾಗಿ ಚಿಕ್ಕಪ್ಪನ ಜೊತೆ ಅಣ್ಣನನ್ನೂ ನನ್ನನ್ನೂ ನೆರೆಮನೆಗೆ ಕಳಿಸಿದರು. ಮರಳಿ ಬಂದಾಗ ಎಲ್ಲ ಮುಗಿದು, ನಮಗೆಂದು ತೆಗೆದಿಟ್ಟ ಸಾರು, ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಇತ್ತು. ಹಸಿವಾಗಿತ್ತು, ಚೆನ್ನಾಗಿ ತಿಂದೆವು.

ಯಾರೂ ಯೋಚಿಸದೆ ಬಿಟ್ಟ ಒಂದು ಸಂಗತಿ ಆಮೇಲೆ ಎದ್ದು ನಿಂತಿತು. ಕೆಲವು ದಿನ ಕಳೆದು ಬಾಲಕೃಷ್ಣನ ತಾಯಿ ನಮ್ಮ ಮನೆಗೆ ಬಂದರು. ತೆಳ್ಳಗಿನ, ಮೆಲು ಮಾತಿನ ಹೆಂಗಸು. ಬೀಗಿತ್ತಿ ಎಂದು ಅಜ್ಜಿ ಅವರನ್ನು ಚಾವಡಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡಿಸಿದಳು. ಲೋಟ ಹಿಡಿದುಕೊಂಡೇ ಅವರು ಗೋಡೆಯ ಚಿತ್ರ ನೋಡಿದರು, ಎದ್ದು ಹತ್ತಿರ ಹೋದರು, ಕೆಂಪು ಸೀರೆಯವಳ ಎದುರು ಬಹಳ ಹೊತ್ತು ನಿಂತರು. ಸೊಸೆ ಇವಳೇ ಅಲ್ಲವಾ ಎಂದು ಕೇಳಿದರು. ಆಮೇಲೆ ಹೇಳಿದರು.

"ನಮ್ಮ ಮಗನಿಗೆ ಬಡಿಸುವಾಗ ಇನ್ನು ಎರಡು ಎಲೆ ಹಾಕ್ಬೇಕಲ್ಲ. ಎದುರಿಗೆ ಇಡ್ಲಿಕ್ಕೆ ಸೊಸೆಯದ್ದು ಅಂತ ನಮ್ಮಲ್ಲಿ ಏನೂ ಇಲ್ಲ. ಕೊಟ್ಟ ಹೆಣ್ಣು ತವರಿನ ಗೋಡೆಯಲ್ಲೇ ಇದ್ರೆ ಆಗ್ತದಾ ಅತ್ತೆ?"

ಅಜ್ಜಿಯ ಮುಖ ಬಿಳುಚಿತು. ಮದುವೆ ಮಾಡಿ ಕೊಟ್ಟ ಮಗಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇವೆ, ಅದೂ ಚಿಕ್ಕಪ್ಪನಿಗೆ ಹೊಸ ಸಂಬಂಧದ ಮಾತು ನಡೆಯುವಾಗ. ಇಷ್ಟು ದೊಡ್ಡ ತಪ್ಪು ತನ್ನ ಕಣ್ಣಿಗೆ ಹೇಗೆ ಬೀಳಲಿಲ್ಲವೋ ಎಂದು ಅವಳಿಗೆ ಅವಮಾನ. ಬರೆಸುವ ಮೊದಲೇ ಮದುವೆ ಮಾಡಿಸಬೇಕಿತ್ತು, ಅಥವಾ ಬರೆಸಲೇಬಾರದಿತ್ತು ಎಂದು ಗೊಣಗಿದಳು. ತೆಗೆದುಕೊಡು ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಅವ್ವನ ಕಡೆ ನೋಡಿದ. ಆಮೇಲೆ ಚಿತ್ರ ಇಳಿಸಿ, ಮೊಳೆ ಕಿತ್ತು, ಗಡ್ಡ ಹೆರೆಯುವ ಬ್ಲೇಡು ತಂದು ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಕತ್ತರಿಸತೊಡಗಿದ. ಚಂದ್ರಾವತಿ ಅಂಚಿನಲ್ಲಿದ್ದದ್ದು ಒಳ್ಳೆಯದೇ ಆಯಿತು ಎಂದ. ಅವ್ವನ ಭುಜದ ಹತ್ತಿರ ಬಂದಾಗ ಅವನ ಕೈ ನಿಂತಿತು. ಬೆರಳುಗಳನ್ನು ಚಂದ್ರಾವತಿಯ ಜೊತೆ ಕಳಿಸಬೇಕೆಂದರೆ ಅವ್ವನ ಭುಜ ಹೋಗುತ್ತದೆ. ಭುಜ ಉಳಿಸಬೇಕೆಂದರೆ ಬೆರಳು ಇಲ್ಲೇ ಉಳಿಯುತ್ತವೆ. ಅವನು ನೇರಕ್ಕೆ ಕತ್ತರಿಸಿದ. ಹಾಗಾಗಿ ಇವತ್ತಿಗೂ ಅವ್ವನ ಭುಜದ ಮೇಲೆ ಯಾರದ್ದೋ ನಾಲ್ಕು ಬೆರಳು ಇವೆ. ಚಿಕ್ಕಪ್ಪ ಆ ವರ್ಷವೇ ಮದುವೆಯಾಗಿ ತಂದ ಚಿಕ್ಕಮ್ಮ ಅದನ್ನು ಬಹುಕಾಲ ಬಣ್ಣ ಎದ್ದದ್ದು ಎಂದೇ ತಿಳಿದಿದ್ದಳು.

ಕತ್ತರಿಸಿದ ತುಂಡನ್ನು ಬೀಗಿತ್ತಿ ಒಂದು ಹೊಸ ಸೀರೆಯಲ್ಲಿ ಸುತ್ತಿದರು. ಅವರು ಅದನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಅವ್ವ ಎದ್ದಳು. ಅಂಗಳ ದಾಟಿ, ಬೇಲಿಯ ದಣಪೆಯ ಹತ್ತಿರ ಹೋಗಿ ಅವರನ್ನು ತಡೆದು, ಸುತ್ತಿದ ಸೀರೆಯನ್ನು ಮೇಲಿನಿಂದ ಸ್ವಲ್ಪ ಬಿಡಿಸಿ, ಮುಖ ಕಾಣುವಷ್ಟು ಮಾಡಿ, ಅದಕ್ಕೆ ತನ್ನ ಕೆನ್ನೆ ಒತ್ತಿ ಅತ್ತಳು. ನಾನು ಅವ್ವ ಅತ್ತದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಮೊದಲು ದನಿಯೇ ಇರಲಿಲ್ಲ, ಆಮೇಲೆ ದನ ಕರುವನ್ನು ಕರೆಯುವ ಹಾಗೆ ಒಂದು ದನಿ ಬಂತು. ಅಜ್ಜಿ ಕೂಡ ಸೆರಗು ಬಾಯಿಗಿಟ್ಟುಕೊಂಡಳು. ನಾನು ಅಲ್ಲೇ ಇದ್ದೆ. ಅವ್ವನ ಸೀರೆ ತಾಗುವಷ್ಟು ಹತ್ತಿರ ನಿಂತಿದ್ದೆ. ಅದೇ ಮೂಗು, ಅದೇ ತುಟಿ, ಹುಬ್ಬಿನ ಮೇಲೆ ಅದೇ ಕಲೆ ಇಟ್ಟುಕೊಂಡು ನಿಂತಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ.

ಅವರು ಹೋದ ಮೇಲೆ ನಾನು ನಡುಕೋಣೆಗೆ ಹೋಗಿ ಪೆಟ್ಟಿಗೆಯಿಂದ ಕೆಂಪು ಸೀರೆ ತೆಗೆದು, ಗೊತ್ತಾದ ಹಾಗೆ ಸುತ್ತಿಕೊಂಡು, ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದ ಅವ್ವನ ಎದುರು ನಿಂತೆ. ಇನ್ನು ಉಳಿದವಳು ನಾನೇ ತಾನೆ ಎಂದು ನನ್ನ ಲೆಕ್ಕ. ಅವ್ವ ಬೆಂಕಿಯನ್ನೇ ನೋಡುತ್ತ ಹೇಳಿದಳು.

"ಬಿಚ್ಚಿ ಮಡಿಸಿಡು. ಮಸಿ ಹಿಡೀತದೆ."

ಬಿಚ್ಚಿ ಮಡಿಸಿಟ್ಟೆ. ಅವತ್ತಿನಿಂದ ನಾನು ಏನನ್ನೂ ಕಾಯಲಿಲ್ಲ. ಅದರಿಂದ ತೊಂದರೆಯೇನೂ ಆಗಲಿಲ್ಲ ಎಂದೇ ಹೇಳಬೇಕು. ಶಾಲೆ ಮುಗಿಸಿದೆ, ಹೊಲಿಗೆ ಕಲಿತೆ, ಅಜ್ಜಿಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಯಾರಾದರೂ ಹೊಗಳಿದರೂ ಬೈದರೂ ನನಗೆ ಒಂದೇ. ಮನೆಯವರು ಮುನಿಸಮ್ಮ ಎಂದರು, ಹೊರಗಿನವರು ಗಂಭೀರ ಹುಡುಗಿ ಎಂದರು. ನನ್ನ ಚಿಕ್ಕಂದಿನ ಫೋಟೋ ಒಂದೂ ಇಲ್ಲ. ಆ ಪ್ರಾಯದ ನನ್ನ ಮುಖ ನೋಡಬೇಕೆಂದರೆ ಪೆರಾಬೆಗೇ ಹೋಗಬೇಕು. ಅಲ್ಲಿ ವರ್ಷಕ್ಕೊಮ್ಮೆ ಅದರ ಎದುರು ಎಲೆ ಹಾಕಿ ಬಡಿಸುತ್ತಾರಂತೆ. ನನ್ನನ್ನು ಕೊಟ್ಟದ್ದು ರಾಮಕುಂಜಕ್ಕೆ, ಅಲ್ಲಿಂದ ಪೆರಾಬೆ ದೂರವೇನಲ್ಲ. ನಾನು ಹೋಗಿಲ್ಲ.

ಮದುವೆಯ ದಿನದ ಬಗ್ಗೆ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಧಾರೆಯ ಊಟ ಮುಗಿದು ಹೆಣ್ಣು ಒಪ್ಪಿಸಿಕೊಡುವ ಹೊತ್ತು ಹೆಂಗಸರದ್ದು. ತಾಯಿ ಮಗಳ ಕೈಯನ್ನು ಅತ್ತೆಯ ಕೈಗೆ ಕೊಡುತ್ತಾಳೆ, ಕೊಡುವಾಗ ಅಳುತ್ತಾಳೆ, ಅವಳು ಅತ್ತರೆ ಉಳಿದವರೆಲ್ಲ ಅಳುತ್ತಾರೆ. ಸುತ್ತ ನಿಂತವರು ಸೆರಗು ಸರಿಮಾಡಿಕೊಂಡು ತಯಾರಾಗಿದ್ದರು. ಅವ್ವ ನನ್ನ ಕೈಯನ್ನು ಅತ್ತೆಯ ಕೈಗೆ ಕೊಟ್ಟಳು, ಮಗಳನ್ನು ನೋಡಿಕೊಳ್ಳಿ ಎಂದಳು, ಅಷ್ಟೇ. ಕಣ್ಣು ಒಣಗಿಯೇ ಇತ್ತು. ನಾನೂ ಅಳದ್ದರಿಂದ ಅಳಲೆಂದು ಬಂದವರಿಗೆ ದಾರಿ ತೋಚಲಿಲ್ಲ. ಹಣ್ಣುಹಣ್ಣಾಗಿದ್ದ ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ, ಒಂದು ಹನಿಯಾದರೂ ಹಾಕು, ಜನ ಏನು ಹೇಳ್ತಾರೆ ಎಂದು ಅವ್ವನನ್ನು ಗದರಿದಳು. ನನಗೆ ಆಶ್ಚರ್ಯವಾಗಲಿಲ್ಲ. ಬೇಸರವೂ ಆಗಲಿಲ್ಲ. ಅವಳ ಅಳು ಯಾರಿಗೆ ಹೋಯಿತು ಎಂದು ನಾನು ಕಣ್ಣಾರೆ ಕಂಡವಳು.

ಜೀಪಿನ ಹತ್ತಿರ ಅವ್ವ ಬಂದಳು. ನನ್ನ ಸೀರೆಯ ನೆರಿಗೆ ಬಾಗಿಲಿಗೆ ಸಿಕ್ಕದ ಹಾಗೆ ಎತ್ತಿ ಮಡಿಲಿಗೆ ಹಾಕಿದಳು. ಹೊರಟುಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ. ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಮಾತಾಡಿದಳು.

"ಅಳ್ಲಿಲ್ಲ ಅಂತ ಬೇಜಾರು ಮಾಡ್ಬೇಡ ಯಶೋದ. ನಿನ್ನನ್ನು ಕಳಿಸುವಾಗ ನಾನು ಅತ್ತು ಆಗಿದೆ."

"ಅವತ್ತು ಹೋದದ್ದು ಅಕ್ಕ ಅಲ್ವಾ ಅವ್ವ" ಎಂದೆ.

"ಅವಳ ಮುಖ ನಂಗೆ ಮರೆತೇ ಹೋಗಿತ್ತು ಮಗಾ. ಪೈಂಟರ್ ಕೇಳುವಾಗ ಹೇಳ್ಲಿಕ್ಕೆ ಬರ್ಲಿಲ್ಲ. ತಾಯಿಯಾಗಿ ಮರೆತಿದ್ದೇನೆ ಅಂತ ಯಾರ ಹತ್ರ ಹೇಳುದು? ನಾನು ಬರೆಸಿದ್ದು ನಿನ್ನನ್ನು. ಅವರು ಕೊಂಡುಹೋದದ್ದೂ ನಿನ್ನನ್ನೇ."

ಯಾರೋ ಹೊತ್ತಾಯಿತು ಎಂದರು, ಡ್ರೈವರ್ ಜೀಪು ಬಿಟ್ಟ. ಗುಡ್ಡದ ತಿರುವುಗಳಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತ, ಗಂಡಿನ ಕಡೆಯವರು ನಗಾಡುತ್ತ, ಊಟದಲ್ಲಿ ಯಾರು ಎಷ್ಟು ಹೋಳಿಗೆ ತಿಂದರು ಎಂದು ಲೆಕ್ಕ ಹಾಕುತ್ತಿದ್ದರು. ನಾನು ಮುಂದಿನ ಸೀಟಿನ ಕಬ್ಬಿಣ ಹಿಡಿದುಕೊಂಡಿದ್ದೆ. ಎಲ್ಲಿಯವರೆಗೆ ಬಂದಿದ್ದೆವೋ ಗೊತ್ತಿಲ್ಲ, ಪಕ್ಕದಲ್ಲಿ ಕೂತ ನಾದಿನಿ ತನ್ನ ಕರ್ಚೀಫು ನನ್ನ ಕೈಗೆ ತುರುಕಿದಳು. ಯಾಕೆ ಎಂದು ಕೇಳಿದೆ. ಅವಳು ನನ್ನ ಕೆನ್ನೆಯ ಕಡೆ ಬೆರಳು ತೋರಿಸಿದಳು. ಮುಟ್ಟಿ ನೋಡಿದರೆ ಕೆನ್ನೆ, ಕುತ್ತಿಗೆ, ರವಿಕೆಯ ಅಂಚು ಎಲ್ಲ ಒದ್ದೆಯಾಗಿತ್ತು. ಯಾವ ಮದುಮಗಳಿಗೂ ಹೀಗೇ ಅತ್ತಿಗೆ, ನಾಳೆಗೆ ಸರಿಹೋಗುತ್ತದೆ ಎಂದಳು. ನಾನು ಹೂಂ ಎಂದೆ.